ಆಕರಗ್ರಂಥಗಳಲ್ಲಿ ಬದುಕುಳಿದ ನಾಟಕಗಳು: 'ನಾಟ್ಯದರ್ಪಣ' ಮತ್ತು 'ದೇವೀಚಂದ್ರಗುಪ್ತ'

ನಾಟಕವನ್ನು ಕುರಿತ ಪರಾಮರ್ಶನ ಗ್ರಂಥಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಸಾಮಾನ್ಯವಾಗಿ ನಾಟಕಗಳ ಓದಿಗೆ ನೆರವಾಗುವ ಸಲಕರಣೆಗಳೆಂದು ಭಾವಿಸುತ್ತಾರೆ. ಕವಿಯ ಕಾಲ, ಅಂಕಗಳ ಸಂಖ್ಯೆ, ಮೊದಲ ಪ್ರಯೋಗದ ವರ್ಷ, ಪಾರಿಭಾಷಿಕ ಪದವೊಂದರ ಅರ್ಥ, ಇಷ್ಟನ್ನು ತಿಳಿದುಕೊಂಡು ಗ್ರಂಥವನ್ನು ಮತ್ತೆ ಕಪಾಟಿಗೆ ಸೇರಿಸುವುದು ವಾಡಿಕೆ. ನಾಟಕವೇ ಮುಖ್ಯ, ಅದರ ಬಗೆಗಿನ ಕೋಶ ಅದರ ನೆರಳು ಎಂಬ ನಂಬಿಕೆ ಈ ವಾಡಿಕೆಯ ಹಿಂದೆ ಇದೆ. ಆದರೆ ರಂಗಭೂಮಿಯ ಚರಿತ್ರೆಯಲ್ಲಿ ಎಷ್ಟೋ ಸಲ ನಾಟಕ ಅಳಿದಿದೆ, ಅದನ್ನು ಕುರಿತು ಬರೆದ ಗ್ರಂಥ ಉಳಿದಿದೆ. ನಟರು, ಪ್ರೇಕ್ಷಕರು, ಹಸ್ತಪ್ರತಿಗಳು ಎಲ್ಲವೂ ಕಾಲವಶವಾದ ಮೇಲೆ ಒಂದು ಲಕ್ಷಣಗ್ರಂಥದ ನಡುವೆ, ಯಾವುದೋ ಸೂತ್ರಕ್ಕೆ ಉದಾಹರಣೆಯಾಗಿ, ಆ ನಾಟಕದ ನಾಲ್ಕು ಮಾತುಗಳು ಉಸಿರು ಹಿಡಿದುಕೊಂಡಿವೆ. ಅಂತಹ ಉಳಿಕೆಯ ಒಂದು ಮುಖ್ಯ ಪ್ರಸಂಗವನ್ನು, ಹನ್ನೆರಡನೆಯ ಶತಮಾನದ ಜೈನ ವಿದ್ವಾಂಸರಿಬ್ಬರು ರಚಿಸಿದ 'ನಾಟ್ಯದರ್ಪಣ' ಮತ್ತು ಅದರಲ್ಲಿ ತುಣುಕುಗಳಾಗಿ ಉಳಿದ 'ದೇವೀಚಂದ್ರಗುಪ್ತ' ನಾಟಕದ ಸಂಬಂಧವನ್ನು, ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕೆ ಮೊದಲು ಪ್ರಪಂಚದ ಬೇರೆ ಎರಡು ರಂಗಪರಂಪರೆಗಳಲ್ಲಿ ಈ ಬಗೆಯ ಗ್ರಂಥಗಳು ಮಾಡಿದ ಕೆಲಸವನ್ನು ನೋಡುವುದು ಉಚಿತ. ಭಾರತದ ಲಕ್ಷಣಗ್ರಂಥಗಳ ವೈಶಿಷ್ಟ್ಯ ಈ ಹೋಲಿಕೆಯಿಂದ ಸ್ಪಷ್ಟವಾಗುತ್ತದೆ.

ಗ್ರೀಸ್: ಸ್ಪರ್ಧೆಯ ದಾಖಲೆ

ಪ್ರಾಚೀನ ಅಥೆನ್ಸ್ ನಗರದಲ್ಲಿ ನಾಟಕಪ್ರಯೋಗವು ಡಯೋನಿಸಸ್ ದೇವತೆಯ ಉತ್ಸವದ ಅಂಗವಾಗಿತ್ತು ಮತ್ತು ಅದು ಸ್ಪರ್ಧೆಯ ರೂಪದಲ್ಲಿ ನಡೆಯುತ್ತಿತ್ತು. ಯಾವ ವರ್ಷ ಯಾರು ಗೆದ್ದರು, ಮೇಳದ ವೆಚ್ಚವನ್ನು ವಹಿಸಿದವರು ಯಾರು ಎಂಬ ವಿವರಗಳನ್ನು ನಗರ ದಾಖಲಿಸಿಡುತ್ತಿತ್ತು. ಇವುಗಳ ಆಧಾರದಿಂದ ಅರಿಸ್ಟಾಟಲ್ 'ಡಿಡಾಸ್ಕಾಲಿಯೈ' ಎಂಬ ಸಂಕಲನವನ್ನು ಸಿದ್ಧಪಡಿಸಿದನು. ಅವನ 'ಕಾವ್ಯಮೀಮಾಂಸೆ'ಯನ್ನು ಎಲ್ಲರೂ ಬಲ್ಲರು. ಈ ದಾಖಲೆಯ ಗ್ರಂಥವನ್ನು ಬಲ್ಲವರು ಕಡಿಮೆ, ಏಕೆಂದರೆ ಅದು ಉಳಿದಿಲ್ಲ. ಅಲೆಕ್ಸಾಂಡ್ರಿಯದ ಗ್ರಂಥಾಲಯದಲ್ಲಿ ಕಲಿಮಾಕಸ್ 120 ಸುರುಳಿಗಳಲ್ಲಿ ರಚಿಸಿದ 'ಪಿನಾಕಿಸ್' ಎಂಬ ಸಾಹಿತ್ಯಸೂಚಿಯೂ ಅಳಿದುಹೋಗಿದೆ. ಆದರೆ ಅವುಗಳಿಂದ ಎತ್ತಿಕೊಂಡ ಮಾಹಿತಿ ಅನಂತರದ ವಿದ್ವಾಂಸರು ಒಂದೊಂದು ನಾಟಕಕ್ಕೂ ಬರೆದ ಪುಟ್ಟ ಪೀಠಿಕೆಗಳಲ್ಲಿ ಹರಿದುಬಂದಿತು.

ಇಂತಹ ಪೀಠಿಕೆಯ ಬೆಲೆ ಎಷ್ಟೆಂಬುದು 1952ರಲ್ಲಿ ಮನವರಿಕೆಯಾಯಿತು. ಅಲ್ಲಿಯವರೆಗೆ ಈಸ್ಕಿಲಸ್ ಕವಿಯ 'ಶರಣಾರ್ಥಿನಿಯರು' ಎಂಬ ರುದ್ರನಾಟಕವನ್ನು ಉಳಿದಿರುವ ಗ್ರೀಕ್ ನಾಟಕಗಳಲ್ಲೆಲ್ಲ ಅತ್ಯಂತ ಹಳೆಯದೆಂದು ವಿದ್ವಾಂಸರು ನಂಬಿದ್ದರು. ಮೇಳವೇ ಅದರ ಪ್ರಧಾನ ಪಾತ್ರ; ಆದ್ದರಿಂದ ಅದು ನಾಟಕ ಇನ್ನೂ ಮೇಳಗೀತದಿಂದ ಬೇರ್ಪಡುತ್ತಿದ್ದ ಕಾಲದ್ದು ಎಂದು ತರ್ಕಿಸಿದ್ದರು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಪಪೈರಸ್ ಹಾಳೆಯ ಹರಕು ಆ ವರ್ಷ ಪ್ರಕಟವಾಯಿತು. ಅದರಲ್ಲಿದ್ದುದು ಸ್ಪರ್ಧೆಯೊಂದರ ಫಲಿತಾಂಶದ ಕೆಲವು ಮುರುಕು ಸಾಲುಗಳು ಮಾತ್ರ. ಈಸ್ಕಿಲಸ್ ಈ ನಾಟಕ ಸೇರಿದ್ದ ಮಾಲಿಕೆಯಿಂದ ಗೆದ್ದನು, ಸೊಫೊಕ್ಲಿಸ್ ಎರಡನೆಯವನಾದನು ಎಂಬುದು ಅದರ ತಾತ್ಪರ್ಯ. ಸೊಫೊಕ್ಲಿಸ್ ಸ್ಪರ್ಧೆಗೆ ಮೊದಲು ಇಳಿದದ್ದು ಕ್ರಿ.ಪೂ. 468ರ ಸುಮಾರಿಗೆ. ಆದ್ದರಿಂದ ನಾಟಕ ಕ್ರಿ.ಪೂ. 460ರ ದಶಕಕ್ಕೆ ಇಳಿಯಿತು, ಕ್ರಿ.ಪೂ. 472ರ 'ಪರ್ಷಿಯನ್ನರು' ಮೊದಲ ಸ್ಥಾನಕ್ಕೆ ಬಂದಿತು. ಶೈಲಿಯನ್ನು ನಂಬಿ ಕಟ್ಟಿದ ವಿಕಾಸದ ಕಥೆಯನ್ನು ಒಂದು ದಾಖಲೆಯ ತುಂಡು ಕೆಡವಿತು. ಗ್ರೀಕ್ ಆಕರಗಳ ಬಲ ಇರುವುದು ಇಲ್ಲಿ: ಅವು ಕಾಲವನ್ನು ಕೊಡುತ್ತವೆ, ಹೆಸರನ್ನು ಕೊಡುತ್ತವೆ, ಗೆಲುವು ಸೋಲುಗಳನ್ನು ಕೊಡುತ್ತವೆ.

ಚೀನ: ಮೃತರ ಪಟ್ಟಿ ಮತ್ತು ಅರಸನ ವಿಶ್ವಕೋಶ

ಚೀನದಲ್ಲಿ ಮಂಗೋಲರ ಯುವಾನ್ ಆಳ್ವಿಕೆಯ ಕಾಲದಲ್ಲಿ ನಾಟಕ ಬಹಳ ಬೆಳೆಯಿತು. ಆದರೆ ಪಂಡಿತವರ್ಗದ ದೃಷ್ಟಿಯಲ್ಲಿ ನಾಟಕಕಾರನಿಗೆ ಮನ್ನಣೆಯಿರಲಿಲ್ಲ. ಅರಮನೆಯ ಅಧಿಕೃತ ಚರಿತ್ರೆಗಳಲ್ಲಿ ಅವನಿಗೆ ಸ್ಥಳವಿರಲಿಲ್ಲ. ಝೋಂಗ್ ಸಿಚೆಂಗ್ ಎಂಬ ಲೇಖಕ 1330ರಲ್ಲಿ 'ಲು ಗುಯಿ ಬು' ಎಂಬ ಗ್ರಂಥವನ್ನು ರಚಿಸಿ ನೂರೈವತ್ತಕ್ಕೂ ಹೆಚ್ಚು ಕವಿಗಳನ್ನೂ ನಾನೂರಕ್ಕೂ ಹೆಚ್ಚು ನಾಟಕಗಳನ್ನೂ ಹೆಸರಿಸಿದನು. ಗ್ರಂಥದ ಹೆಸರಿಗೆ 'ಪ್ರೇತಗಳ ದಾಖಲೆ' ಎಂದರ್ಥ. ಸತ್ತೂ ಅಳಿಯದ ಪ್ರತಿಭಾವಂತರನ್ನು ನೆನೆಯುವುದು ಅವನ ಉದ್ದೇಶವಾಗಿತ್ತು. ಯುವಾನ್ ಕಾಲದ ಶ್ರೇಷ್ಠ ನಾಟಕಕಾರ ಗುವಾನ್ ಹಾನ್‌ಚಿಂಗ್ ಅರವತ್ತಕ್ಕೂ ಹೆಚ್ಚು ನಾಟಕಗಳನ್ನು ಬರೆದನೆಂದು ತಿಳಿಯುವುದು ಇಂತಹ ಸೂಚಿಗಳಿಂದ. ಅವುಗಳಲ್ಲಿ ಉಳಿದಿರುವುದು ಹದಿನೆಂಟರಷ್ಟು.

ಇದಕ್ಕಿಂತ ವಿಚಿತ್ರವಾದ ಸಂಗತಿಯೊಂದು ಮಿಂಗ್ ವಂಶದ ವಿಶ್ವಕೋಶಕ್ಕೆ ಸೇರಿದ್ದು. ಯೋಂಗ್ಲ ಚಕ್ರವರ್ತಿಯ ಆಜ್ಞೆಯಂತೆ 1403ರಿಂದ 1408ರ ಒಳಗೆ ಸಿದ್ಧವಾದ 'ಯೋಂಗ್ಲ ದಾದಿಯೆನ್' ಎಂಬ ಈ ಮಹಾಕೋಶದಲ್ಲಿ 11,095 ಸಂಪುಟಗಳಿದ್ದವು. ಇತರ ಗ್ರಂಥಗಳನ್ನು ಸಂಕ್ಷೇಪಿಸುವ ಬದಲು ಇಡಿಯಾಗಿ ನಕಲು ಮಾಡಿ ಸೇರಿಸುವುದು ಅದರ ಕ್ರಮವಾಗಿತ್ತು. ಅದರ ಬಹುಭಾಗ ಯುದ್ಧ, ಬೆಂಕಿ, ಲೂಟಿಗಳಲ್ಲಿ ನಾಶವಾಯಿತು. 1920ರಲ್ಲಿ ಯೆ ಗೊಂಗ್‌ಚುವೊ ಎಂಬ ಚೀನೀ ವಿದ್ವಾಂಸನಿಗೆ ಲಂಡನ್ನಿನಲ್ಲಿ ಅದರ ಒಂದು ಸಂಪುಟ ದೊರೆಯಿತು. ಅದರಲ್ಲಿ ದಕ್ಷಿಣ ಚೀನದ ಹಳೆಯ ರಂಗಪರಂಪರೆಗೆ ಸೇರಿದ ಮೂರು ನಾಟಕಗಳು ಪೂರ್ಣವಾಗಿ ಸಿಕ್ಕವು. 'ಝಾಂಗ್ ಶಿಯೆ' ಎಂಬ ವಿದ್ಯಾರ್ಥಿಯ ಕಥೆಯುಳ್ಳ ನಾಟಕ ಅವುಗಳಲ್ಲಿ ಒಂದು. ಉಳಿದಿರುವ ಚೀನೀ ನಾಟಕಗಳಲ್ಲಿ ಅದನ್ನು ಬಹಳ ಪ್ರಾಚೀನವೆಂದು ಎಣಿಸುತ್ತಾರೆ. ಒಂದು ರಂಗಪ್ರಕಾರದ ಆದಿರೂಪ ಹೀಗೆ ವಿಶ್ವಕೋಶವೊಂದರ ಒಂಟಿ ಸಂಪುಟದಲ್ಲಿ ಬದುಕಿತ್ತು.

ಭಾರತ: ಲಕ್ಷ್ಯ ಮತ್ತು ಲಕ್ಷಣ

ಭಾರತದಲ್ಲಿ ಅಥೆನ್ಸಿನಂತೆ ಸ್ಪರ್ಧೆಯ ದಾಖಲೆಗಳಿಲ್ಲ, ಚೀನದಂತೆ ನಾಟಕಕಾರರ ಪಟ್ಟಿಗಳೂ ಇಲ್ಲ. ಸಂಸ್ಕೃತ ನಾಟಕಗಳ ಆಧುನಿಕ ಬಗೆಯ ಗ್ರಂಥಸೂಚಿ ಬಂದದ್ದು 1906ರಷ್ಟು ಈಚೆಗೆ, ಮಾಂಟ್‌ಗೊಮರಿ ಶೈಲರ್ ಎಂಬ ಅಮೆರಿಕನ್ ವಿದ್ವಾಂಸನಿಂದ. ಆದರೆ ನಮ್ಮಲ್ಲಿ ಲಕ್ಷಣಗ್ರಂಥಗಳ ದೀರ್ಘ ಪರಂಪರೆಯಿತ್ತು. ಭರತನ 'ನಾಟ್ಯಶಾಸ್ತ್ರ' ಅದರ ಮೂಲ. ಹತ್ತನೆಯ ಶತಮಾನದ ಕೊನೆಯಲ್ಲಿ ಮಾಳವದ ಮುಂಜರಾಜನ ಆಸ್ಥಾನದಲ್ಲಿದ್ದ ಧನಂಜಯನ 'ದಶರೂಪಕ', ಅದಕ್ಕೆ ಧನಿಕನ 'ಅವಲೋಕ' ವ್ಯಾಖ್ಯಾನ, ಭೋಜನ 'ಶೃಂಗಾರಪ್ರಕಾಶ', ಸಾಗರನಂದಿಯ 'ನಾಟಕಲಕ್ಷಣರತ್ನಕೋಶ', ಶಾರದಾತನಯನ 'ಭಾವಪ್ರಕಾಶನ' ಇವು ಆ ಪರಂಪರೆಯ ಮುಖ್ಯ ಕೊಂಡಿಗಳು. ಇವುಗಳ ಕ್ರಮ ಒಂದೇ ತೆರನಾದುದು: ಮೊದಲು ಲಕ್ಷಣವನ್ನು ಹೇಳುವುದು, ಅನಂತರ ಪ್ರಸಿದ್ಧ ನಾಟಕವೊಂದರಿಂದ ಲಕ್ಷ್ಯವನ್ನು, ಎಂದರೆ ಉದಾಹರಣೆಯನ್ನು, ಎತ್ತಿಕೊಡುವುದು.

ಪಟ್ಟಿಯು ನಾಟಕದ ಹೆಸರನ್ನು ಉಳಿಸಿದರೆ ಉದಾಹರಣೆಯು ಅದರ ಮಾತನ್ನೇ ಉಳಿಸುತ್ತದೆ. ಇದು ಭಾರತೀಯ ಆಕರಗಳ ವಿಶೇಷ ಲಾಭ. ಅದಕ್ಕೆ ತಕ್ಕ ನಷ್ಟವೂ ಇದೆ. ಲಕ್ಷಣಕಾರನಿಗೆ ಕವಿಯ ಕಾಲ ಬೇಕಿಲ್ಲ, ಪ್ರಯೋಗದ ಸ್ಥಳ ಬೇಕಿಲ್ಲ, ಕಥೆಯ ಮುಂದಿನ ಭಾಗವೂ ಬೇಕಿಲ್ಲ. ತನ್ನ ಸೂತ್ರಕ್ಕೆ ಒಪ್ಪುವಷ್ಟು ಮಾತನ್ನು ಕತ್ತರಿಸಿಕೊಂಡು ಅವನು ಮುಂದಕ್ಕೆ ಹೋಗುತ್ತಾನೆ.

ನಾಟ್ಯದರ್ಪಣ

'ನಾಟ್ಯದರ್ಪಣ'ದ ಕರ್ತೃಗಳಾದ ರಾಮಚಂದ್ರ ಮತ್ತು ಗುಣಚಂದ್ರ ಇಬ್ಬರೂ ಕಲಿಕಾಲಸರ್ವಜ್ಞನೆಂದು ಹೆಸರಾದ ಹೇಮಚಂದ್ರಾಚಾರ್ಯರ ಶಿಷ್ಯರು. ಅವರ ಕಾರ್ಯಕ್ಷೇತ್ರ ಗುಜರಾತಿನ ಅಣಹಿಲಪಾಟಕ, ಎಂದರೆ ಇಂದಿನ ಪಾಟಣ. ಚಾಲುಕ್ಯ ಕುಮಾರಪಾಲನು ಆಳಿದ ಹನ್ನೆರಡನೆಯ ಶತಮಾನದ ಮಧ್ಯಭಾಗ ಅವರ ಕಾಲ. ಗ್ರಂಥದಲ್ಲಿ ನಾಲ್ಕು 'ವಿವೇಕ'ಗಳಿವೆ. ಮೊದಲನೆಯದರಲ್ಲಿ ನಾಟಕದ ನಿರ್ಣಯ, ಎರಡನೆಯದರಲ್ಲಿ ಪ್ರಕರಣ ಮೊದಲಾದ ಉಳಿದ ಹನ್ನೊಂದು ರೂಪಕಗಳ ನಿರ್ಣಯ, ಮೂರನೆಯದರಲ್ಲಿ ವೃತ್ತಿ, ರಸ, ಭಾವ, ಅಭಿನಯಗಳ ವಿಚಾರ, ನಾಲ್ಕನೆಯದರಲ್ಲಿ ಎಲ್ಲ ರೂಪಕಗಳಿಗೂ ಸಮಾನವಾದ ಲಕ್ಷಣಗಳು. ಕಾರಿಕೆಗಳಿಗೆ ಗ್ರಂಥಕಾರರೇ ಗದ್ಯದಲ್ಲಿ ವಿವರಣೆಯನ್ನು ಬರೆದಿದ್ದಾರೆ. ಉದಾಹರಣೆಗಳು ಬರುವುದು ಈ ವೃತ್ತಿಯಲ್ಲಿ.

ಎರಡು ಅಂಶಗಳಲ್ಲಿ ಈ ಗ್ರಂಥ ಸ್ವತಂತ್ರವಾಗಿ ನಿಲ್ಲುತ್ತದೆ. ಧನಂಜಯ ರೂಪಕಗಳನ್ನು ಹತ್ತೆಂದು ಎಣಿಸಿದರೆ ಇವರು ನಾಟಿಕೆ ಮತ್ತು ಪ್ರಕರಣಿಯನ್ನು ಸೇರಿಸಿ ಹನ್ನೆರಡು ಎನ್ನುತ್ತಾರೆ. ಜಿನವಾಣಿಯ ದ್ವಾದಶಾಂಗಗಳಿಗೂ ರೂಪಕಗಳ ಈ ಸಂಖ್ಯೆಗೂ ಮಂಗಳಶ್ಲೋಕದಲ್ಲೇ ಶ್ಲೇಷೆಯಿಂದ ಹೊಂದಿಕೆ ಮಾಡಿದ್ದಾರೆ. ರಸವೆಲ್ಲವೂ ಆನಂದರೂಪವೆಂಬ ಪ್ರಬಲ ಮತವನ್ನೂ ಅವರು ಒಪ್ಪುವುದಿಲ್ಲ. ಶೃಂಗಾರ, ಹಾಸ್ಯ, ವೀರ, ಅದ್ಭುತ, ಶಾಂತಗಳು ಸುಖಾತ್ಮಕ. ಕರುಣ, ರೌದ್ರ, ಬೀಭತ್ಸ, ಭಯಾನಕಗಳು ದುಃಖಾತ್ಮಕ ಎಂಬುದು ಅವರ ನಿಲುವು. ದುಃಖದ ದೃಶ್ಯವನ್ನೂ ಪ್ರೇಕ್ಷಕನು ಬಯಸುವುದಕ್ಕೆ ಕವಿಯ ಮತ್ತು ನಟನ ಕೌಶಲ ಕಾರಣವೆಂದು ಅವರು ವಿವರಿಸುತ್ತಾರೆ.

ರಾಮಚಂದ್ರನು ಶಾಸ್ತ್ರಕಾರನಷ್ಟೇ ಆಗಿರದೆ ಸ್ವತಃ ನಾಟಕಕಾರನೂ ಆಗಿದ್ದನು. 'ನಲವಿಲಾಸ', 'ಸತ್ಯಹರಿಶ್ಚಂದ್ರ', 'ಕೌಮುದೀಮಿತ್ರಾಣಂದ', 'ನಿರ್ಭಯಭೀಮವ್ಯಾಯೋಗ' ಮೊದಲಾದವು ಉಳಿದಿವೆ. 'ಯಾದವಾಭ್ಯುದಯ', 'ರಾಘವಾಭ್ಯುದಯ', 'ರೋಹಿಣೀಮೃಗಾಂಕ', 'ವನಮಾಲಾ' ಎಂಬ ಅವನ ಕೃತಿಗಳು ಉಳಿದಿಲ್ಲ. ಅವನು ತನ್ನ ಲಕ್ಷಣಗ್ರಂಥದಲ್ಲಿ ತನ್ನವೇ ನಾಟಕಗಳಿಂದ ಉದಾಹರಿಸಿದ್ದರಿಂದ ಅವುಗಳ ವಿಷಯ ನಮಗೆ ತಿಳಿದಿದೆ. ಕುಮಾರಪಾಲನ ಅನಂತರ ಪಟ್ಟಕ್ಕೆ ಬಂದ ಅಜಯಪಾಲನ ಕೋಪಕ್ಕೆ ಗುರಿಯಾಗಿ ರಾಮಚಂದ್ರನು ಪ್ರಾಣತೆತ್ತನೆಂದು ಮೇರುತುಂಗನ 'ಪ್ರಬಂಧಚಿಂತಾಮಣಿ' ಹೇಳುತ್ತದೆ. ಕವಿಯ ಆಶ್ರಯ, ಪ್ರಾಣ, ನಾಟಕಗಳು ಅಳಿದರೂ ಅವನ ಪರಾಮರ್ಶನ ಗ್ರಂಥ ಉಳಿಯಿತು.

ದೇವೀಚಂದ್ರಗುಪ್ತ

'ಮುದ್ರಾರಾಕ್ಷಸ'ದ ಕವಿ ವಿಶಾಖದತ್ತನು ಅದೊಂದೇ ನಾಟಕದಿಂದ ಪ್ರಸಿದ್ಧನಾಗಿದ್ದನು. ಫ್ರಾನ್ಸಿನ ವಿದ್ವಾಂಸ ಸಿಲ್ವಾಂ ಲೆವಿ 1923ರಲ್ಲಿ, ಆಗ ಇನ್ನೂ ಅಚ್ಚಾಗದಿದ್ದ 'ನಾಟ್ಯದರ್ಪಣ' ಮತ್ತು 'ನಾಟಕಲಕ್ಷಣರತ್ನಕೋಶ'ಗಳನ್ನು ಹಸ್ತಪ್ರತಿಗಳಿಂದ ಪರಿಚಯಿಸಿದನು. ವಿಶಾಖದತ್ತನದೆಂದು 'ದೇವೀಚಂದ್ರಗುಪ್ತ' ಎಂಬ ನಾಟಕದ ಹಲವು ಭಾಗಗಳು 'ನಾಟ್ಯದರ್ಪಣ'ದಲ್ಲಿ ಉದಾಹೃತವಾಗಿರುವುದು ಆಗ ವಿದ್ವಲ್ಲೋಕಕ್ಕೆ ತಿಳಿಯಿತು. ಅದೇ ವರ್ಷ ಎ. ರಂಗಸ್ವಾಮಿ ಸರಸ್ವತಿಯವರು ಭೋಜನ 'ಶೃಂಗಾರಪ್ರಕಾಶ'ದಲ್ಲಿಯೂ ಈ ನಾಟಕದ ಉಲ್ಲೇಖಗಳನ್ನು ತೋರಿಸಿದರು. ಬರೋಡದ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯಲ್ಲಿ 1929ರಲ್ಲಿ 'ನಾಟ್ಯದರ್ಪಣ' ಅಚ್ಚಾದ ಮೇಲೆ ಈ ಭಾಗಗಳು ಎಲ್ಲರಿಗೂ ದೊರೆತವು.

ತುಣುಕುಗಳಿಂದ ಕಾಣುವ ಕಥೆ ಇಷ್ಟು. ರಾಮಗುಪ್ತನೆಂಬ ಅರಸನು ಶಕರಾಜನಿಂದ ಸಂಕಟಕ್ಕೆ ಸಿಲುಕಿದ್ದಾನೆ. ಪ್ರಜಾಪರಿವಾರದ ಸಮಾಧಾನಕ್ಕಾಗಿ ತನ್ನ ರಾಣಿ ಧ್ರುವದೇವಿಯನ್ನು ವೈರಿಗೆ ಒಪ್ಪಿಸಲು ಸಮ್ಮತಿಸುತ್ತಾನೆ. ಅವನ ತಮ್ಮ ಚಂದ್ರಗುಪ್ತನು ರಾಣಿಯ ಬದಲು ತಾನೇ ಸ್ತ್ರೀವೇಷ ಧರಿಸಿ ಶತ್ರುವಿನ ಶಿಬಿರಕ್ಕೆ ಹೋಗಿ ಅವನನ್ನು ಕೊಲ್ಲಲು ನಿಶ್ಚಯಿಸುತ್ತಾನೆ. ಒಂದು ತುಣುಕಿನಲ್ಲಿ ರಾಮಗುಪ್ತನು ಸ್ತ್ರೀವೇಷದ ತಮ್ಮನನ್ನು ತಡೆಯುತ್ತ, ನಿನಗಾಗಿ ದೇವಿಯನ್ನೇ ಬಿಡಬಲ್ಲೆ ಎಂಬ ಅರ್ಥದ ಮಾತನ್ನಾಡುತ್ತಾನೆ. ಮರೆಯಲ್ಲಿ ನಿಂತು ಕೇಳುವ ಧ್ರುವದೇವಿ, ಅರಸನು ಬೇರೊಬ್ಬ ಹೆಂಗಸಿಗೆ ಪ್ರೇಮವನ್ನು ನಿವೇದಿಸುತ್ತಿದ್ದಾನೆಂದು ತಪ್ಪಾಗಿ ಗ್ರಹಿಸಿ ನೋಯುತ್ತಾಳೆ. ಅರಸನ ಸೋದರಪ್ರೇಮ, ರಾಣಿಯ ಅವಮಾನ, ಪ್ರೇಕ್ಷಕರಿಗೆ ಮಾತ್ರ ತಿಳಿದಿರುವ ಸತ್ಯ ಮೂರೂ ಒಂದೇ ಸಂಭಾಷಣೆಯಲ್ಲಿ ಹೆಣೆದುಕೊಂಡಿರುವ ಈ ದೃಶ್ಯ ವಿಶಾಖದತ್ತನ ರಂಗಪ್ರಜ್ಞೆಗೆ ಸಾಕ್ಷಿ. ಮುಂದಿನ ತುಣುಕುಗಳಲ್ಲಿ ಮಾಧವಸೇನೆಯೆಂಬ ಗಣಿಕೆಯ ಪ್ರಸಂಗವಿದೆ. ಐದನೆಯ ಅಂಕದಲ್ಲಿ ಚಂದ್ರಗುಪ್ತನು ಹುಚ್ಚನಂತೆ ನಟಿಸುತ್ತಾನೆ. ಅಲ್ಲಿಗೆ ಎಳೆ ತುಂಡಾಗುತ್ತದೆ. ಅಣ್ಣನ ಗತಿ ಏನಾಯಿತು, ಧ್ರುವದೇವಿ ಯಾರ ಕೈ ಹಿಡಿದಳು ಎಂಬುದನ್ನು ಹೇಳುವ ಭಾಗವನ್ನು ಲಕ್ಷಣಕಾರರು ಉದಾಹರಿಸಿಲ್ಲ.

ನಾಟಕದಿಂದ ಚರಿತ್ರೆಗೆ

ಗುಪ್ತವಂಶದ ಅಧಿಕೃತ ವಂಶಾವಳಿಗಳಲ್ಲಿ ಸಮುದ್ರಗುಪ್ತನ ಅನಂತರ ಎರಡನೆಯ ಚಂದ್ರಗುಪ್ತನು ಬರುತ್ತಾನೆ; ನಡುವೆ ರಾಮಗುಪ್ತನೆಂಬ ಹೆಸರಿಲ್ಲ. ವೈಶಾಲಿಯ ಅಗೆತದಲ್ಲಿ ದೊರೆತ ಮುದ್ರೆಯೊಂದು ಧ್ರುವಸ್ವಾಮಿನಿಯನ್ನು ಚಂದ್ರಗುಪ್ತನ ಪತ್ನಿಯೆಂದು ಹೇಳುತ್ತದೆ. ಹಾಗಾದರೆ ನಾಟಕದ ಕಥೆ ಕವಿಕಲ್ಪನೆಯೇ? ಲಕ್ಷಣಗ್ರಂಥದ ತುಣುಕು ಕೈಗೆ ಬಂದೊಡನೆ ವಿದ್ವಾಂಸರು ಹಳೆಯ ಆಕರಗಳನ್ನು ಹೊಸ ಕಣ್ಣಿನಿಂದ ಓದಿದರು. ಏಳನೆಯ ಶತಮಾನದ ಬಾಣನು 'ಹರ್ಷಚರಿತ'ದಲ್ಲಿ, ಪರಸ್ತ್ರೀಕಾಮಿಯಾದ ಶಕಪತಿಯನ್ನು ಸ್ತ್ರೀವೇಷದ ಚಂದ್ರಗುಪ್ತನು ಕೊಂದನೆಂದು ಹೇಳಿದ್ದನು. ಅದರ ಅರ್ಥ ಈಗ ಬೆಳಗಿತು.

ಕರ್ನಾಟಕದ ಚರಿತ್ರೆಗೆ ಸಂಬಂಧಿಸಿದ ಎರಡು ಸಾಕ್ಷ್ಯಗಳು ಇಲ್ಲಿ ಮುಖ್ಯವಾಗುತ್ತವೆ. 'ಕವಿರಾಜಮಾರ್ಗ'ಕ್ಕೆ ಆಶ್ರಯವಿತ್ತ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಸಂಜಾನ್ ತಾಮ್ರಪಟ ಶಕವರ್ಷ 793ರದು, ಎಂದರೆ ಕ್ರಿ.ಶ. 871. ಅದರಲ್ಲಿ ಅಮೋಘವರ್ಷನ ದಾನವನ್ನು ಹೊಗಳುವ ಸಂದರ್ಭದಲ್ಲಿ, ಅಣ್ಣನನ್ನು ಕೊಂದು ರಾಜ್ಯವನ್ನೂ ರಾಣಿಯನ್ನೂ ಅಪಹರಿಸಿದ ಗುಪ್ತಾನ್ವಯದ ದಾನಿಯೊಬ್ಬನನ್ನು ಹೆಸರು ಹೇಳದೆ ಹೀಗಳೆಯಲಾಗಿದೆ. ರಾಷ್ಟ್ರಕೂಟ ನಾಲ್ಕನೆಯ ಗೋವಿಂದನ ಕ್ರಿ.ಶ. 930ರ ಖಂಭಾತ್ ತಾಮ್ರಪಟವೂ ತನ್ನ ಅರಸನು ಅಣ್ಣನ ವಿಷಯದಲ್ಲಿ ಕ್ರೌರ್ಯವನ್ನು ಎಸಗದೆ, ಬಂಧುಸ್ತ್ರೀಯ ವಿಷಯದಲ್ಲಿ ದುರ್ನಡತೆ ತೋರದೆ, ದಾನ ಮತ್ತು ಸಾಹಸಗಳಿಂದಲೇ 'ಸಾಹಸಾಂಕ'ನಾದನೆಂದು ಕೊಂಡಾಡುತ್ತದೆ. ನಾಟಕದ ತುಣುಕುಗಳು ಹೇಳದೆ ಬಿಟ್ಟ ಕೊನೆಯನ್ನು ಈ ತಾಮ್ರಪಟಗಳು ಸೂಚಿಸುತ್ತವೆ. ಗುಪ್ತರ ಪತನದ ಶತಮಾನಗಳ ಅನಂತರವೂ ದಖ್ಖನ್ನಿನ ಆಸ್ಥಾನಕವಿಗಳಿಗೆ ಈ ಕಥೆ ಪರಿಚಿತವಾಗಿತ್ತು. ಬರಿಯ ಸೂಚನೆಯಿಂದ ಓದುಗರಿಗೆ ಅರ್ಥವಾಗುವಷ್ಟು ಅದು ಪ್ರಚಲಿತವಾಗಿತ್ತು.

ಸಾಹಿತ್ಯದ ಆಚೆಗಿನ ಆಧಾರಗಳು ತಡವಾಗಿ ಬಂದವು. ವಿದಿಶಾ ಮತ್ತು ಏರಣ ಭಾಗಗಳಲ್ಲಿ ರಾಮಗುಪ್ತನ ಹೆಸರಿನ ತಾಮ್ರದ ನಾಣ್ಯಗಳು ದೊರೆತವು. ಅವನು ಮಾಳವದ ಸ್ಥಳೀಯ ಅರಸನಿರಬಹುದೆಂದು ಕೆಲವರು ವಾದಿಸಿದರು. 1969ರಲ್ಲಿ ವಿದಿಶೆಯ ಸಮೀಪದ ದುರ್ಜನಪುರದಲ್ಲಿ ಮೂರು ಜಿನಪ್ರತಿಮೆಗಳು ಬೆಳಕಿಗೆ ಬಂದವು. ನಾಲ್ಕನೆಯ ಶತಮಾನದ ಬ್ರಾಹ್ಮೀ ಲಿಪಿಯಲ್ಲಿರುವ ಅವುಗಳ ಪೀಠಲೇಖಗಳನ್ನು ಶಾಸನತಜ್ಞ ಜಿ. ಎಸ್. ಗಾಯಿಯವರು ಪ್ರಕಟಿಸಿದರು. ಪ್ರಾಚೀನ ಕನ್ನಡದ ಚಾರಿತ್ರಿಕ ವ್ಯಾಕರಣವನ್ನು ಬರೆದವರೂ ಇದೇ ಗಾಯಿಯವರು. ಚಂದ್ರಪ್ರಭ, ಪುಷ್ಪದಂತ ತೀರ್ಥಂಕರರ ಹೆಸರುಗಳಿರುವ ಈ ಪ್ರತಿಮೆಗಳನ್ನು, ಪಾಣಿಪಾತ್ರಿಕ ಮುನಿಪರಂಪರೆಗೆ ಸೇರಿದ ಚೇಲು ಕ್ಷಮಣನ ಉಪದೇಶದಂತೆ ಮಹಾರಾಜಾಧಿರಾಜ ಶ್ರೀರಾಮಗುಪ್ತನು ಮಾಡಿಸಿದನೆಂದು ಲೇಖಗಳು ತಿಳಿಸುತ್ತವೆ. 'ಮಹಾರಾಜಾಧಿರಾಜ' ಎಂಬುದು ಸ್ಥಳೀಯ ನಾಯಕನ ಬಿರುದಲ್ಲ; ಅದು ಗುಪ್ತ ಸಾಮ್ರಾಟರದು. ಲೇಖಗಳಲ್ಲಿ ವಂಶದ ಹೆಸರು ಇಲ್ಲದಿರುವುದರಿಂದ ಚರ್ಚೆ ಪೂರ್ತಿಯಾಗಿ ಮುಗಿದಿಲ್ಲವಾದರೂ, ಇವನೇ ನಾಟಕದ ರಾಮಗುಪ್ತನೆಂದು ಒಪ್ಪುವವರ ಪಕ್ಷಕ್ಕೆ ಇದರಿಂದ ಬಲ ಬಂದಿತು.

ಈ ಸಮೀಕರಣವನ್ನು ಒಪ್ಪುವುದಾದರೆ ಒಂದು ವಿಶೇಷ ಗಮನಕ್ಕೆ ಬರುತ್ತದೆ. ಜಿನಬಿಂಬಗಳನ್ನು ಮಾಡಿಸಿದ ಅರಸನನ್ನು ನಾಟಕ ಹೇಡಿಯೆಂದು ಚಿತ್ರಿಸಿತ್ತು. ಆ ನಾಟಕದ ಅವಶೇಷಗಳನ್ನು ಕಾಪಾಡಿದವರು ಇಬ್ಬರು ಜೈನ ಯತಿಗಳು. ರಾಮಚಂದ್ರ ಗುಣಚಂದ್ರರ ಮುಂದೆ ಇದ್ದುದು ಒಳ್ಳೆಯ ನಾಟಕ ಮತ್ತು ಅದರಿಂದ ಬೆಳಗುವ ಸೂತ್ರ ಮಾತ್ರ. ರಾಮಗುಪ್ತ ನಿಜವಾಗಿಯೂ ಹೇಡಿಯಾಗಿದ್ದನೇ ಎಂಬ ಪ್ರಶ್ನೆಗೆ ಪೀಠಲೇಖಗಳು ಉತ್ತರಿಸುವುದಿಲ್ಲ. ಗೆದ್ದವನು ಚಂದ್ರಗುಪ್ತ, ಉಳಿದ ಕಥೆಯೂ ಬಹುಮಟ್ಟಿಗೆ ಗೆದ್ದವನ ಪರವಾದುದು. ನಾಟಕದ ಚಿತ್ರಣವನ್ನು ಚರಿತ್ರೆಯೆಂದು ನೇರವಾಗಿ ಸ್ವೀಕರಿಸುವವರು ಇದನ್ನು ಮರೆಯಬಾರದು.

ಅಳಿದ ನಾಟಕ ಇನ್ನೊಂದು ಬಗೆಯಲ್ಲಿಯೂ ಮರುಹುಟ್ಟು ಪಡೆಯಿತು. ಹಿಂದಿಯ ಜಯಶಂಕರ ಪ್ರಸಾದರು ಈ ಸಂಶೋಧನೆಗಳ ಆಧಾರದಿಂದ 1933ರಲ್ಲಿ 'ಧ್ರುವಸ್ವಾಮಿನೀ' ನಾಟಕವನ್ನು ರಚಿಸಿದರು. ತನ್ನನ್ನು ವಸ್ತುವಿನಂತೆ ಪರರಿಗೆ ಒಪ್ಪಿಸಿದ ಪತಿಯಿಂದ ಬಿಡುಗಡೆ ಪಡೆಯುವ ಹಕ್ಕು ಹೆಣ್ಣಿಗೆ ಇದೆಯೇ ಎಂಬ ಪ್ರಶ್ನೆ ಅದರ ಕೇಂದ್ರದಲ್ಲಿದೆ. ಲಕ್ಷಣಗ್ರಂಥದಲ್ಲಿ ಮರೆಯಲ್ಲಿ ನಿಂತು ನೊಂದ ಧ್ರುವದೇವಿ ಇಪ್ಪತ್ತನೆಯ ಶತಮಾನದಲ್ಲಿ ರಂಗದ ನಡುವೆ ನಿಂತು ಮಾತನಾಡಿದಳು.

ಉದಾಹರಣೆಯ ಮಿತಿ

ಉದಾಹರಣೆಗಳನ್ನು ಹೇಗೆ ಓದಬೇಕೆಂಬುದಕ್ಕೆ 'ನಾಟ್ಯದರ್ಪಣ'ವೇ ಇನ್ನೊಂದು ಪಾಠವನ್ನು ಕೊಡುತ್ತದೆ. ತಿರುವನಂತಪುರದ ಟಿ. ಗಣಪತಿ ಶಾಸ್ತ್ರಿಗಳು 1912ರಿಂದ ಹದಿಮೂರು ನಾಟಕಗಳನ್ನು ಭಾಸನವೆಂದು ಪ್ರಕಟಿಸಿದರು. 'ಸ್ವಪ್ನವಾಸವದತ್ತ' ಅವುಗಳಲ್ಲಿ ಶ್ರೇಷ್ಠವಾದುದು. 'ನಾಟ್ಯದರ್ಪಣ'ದಲ್ಲಿ ಭಾಸನ ಹೆಸರನ್ನೇ ಹೇಳಿ 'ಸ್ವಪ್ನವಾಸವದತ್ತ'ದ ಒಂದು ಶ್ಲೋಕವನ್ನು ಉದಾಹರಿಸಿದೆ. ಶೇಫಾಲಿಕೆಯ ಬಳಿಯ ಶಿಲಾತಲವನ್ನು ಕಂಡ ವತ್ಸರಾಜನು, ಈಗತಾನೆ ಯಾರೋ ಇಲ್ಲಿ ಕುಳಿತಿದ್ದು ಎದ್ದುಹೋಗಿದ್ದಾರೆಂದು ಊಹಿಸುವ ಶ್ಲೋಕ ಅದು. ಅಚ್ಚಾದ ನಾಟಕದಲ್ಲಿ ಆ ಸನ್ನಿವೇಶಕ್ಕೆ ಒಪ್ಪುವ ಸ್ಥಳ ನಾಲ್ಕನೆಯ ಅಂಕದಲ್ಲಿದೆ, ಶ್ಲೋಕ ಮಾತ್ರ ಇಲ್ಲ. ಇದನ್ನು ಹಿಡಿದುಕೊಂಡು ಅಚ್ಚಾದ ಪಾಠ ಭಾಸನದೇ ಅಲ್ಲವೆಂದವರುಂಟು. ಕೇರಳದ ರಂಗಪ್ರಯೋಗಕ್ಕಾಗಿ ಸಂಕ್ಷೇಪಿಸಿದ ಪಾಠವೆಂದವರುಂಟು. ಲಿಪಿಕಾರರ ಕೈಯಲ್ಲಿ ಒಂದು ಶ್ಲೋಕ ಬಿಟ್ಟುಹೋಗಿದೆ ಅಷ್ಟೆ ಎಂದವರೂ ಉಂಟು. ಮೂಲಕೃತಿ ಕೈಯಲ್ಲಿದ್ದಾಗಲೂ ಲಕ್ಷಣಗ್ರಂಥದ ಸಾಕ್ಷ್ಯವನ್ನು ಬಿಡಲಾಗದು ಎಂಬುದು ಇದರಿಂದ ಸ್ಪಷ್ಟ.

ಈ ಬಗೆಯ ಸಾಕ್ಷ್ಯಗಳನ್ನು ಕ್ರಮವಾಗಿ ಸಂಗ್ರಹಿಸಿದ ಆಧುನಿಕರಲ್ಲಿ ವಿ. ರಾಘವನ್ ಅಗ್ರಗಣ್ಯರು. ಕಳೆದುಹೋದ ರಾಮನಾಟಕಗಳನ್ನು ಕುರಿತು ಅವರು ನೀಡಿದ ಉಪನ್ಯಾಸಗಳನ್ನು ಅಣ್ಣಾಮಲೈ ವಿಶ್ವವಿದ್ಯಾನಿಲಯ 1961ರಲ್ಲಿ ಪ್ರಕಟಿಸಿತು. ಯಶೋವರ್ಮನ 'ರಾಮಾಭ್ಯುದಯ', 'ಕೃತ್ಯಾರಾವಣ', 'ಛಲಿತರಾಮ' ಮೊದಲಾದ ನಾಟಕಗಳ ಸ್ವರೂಪವನ್ನು ಅವರು ಲಕ್ಷಣಗ್ರಂಥಗಳ ಉದ್ಧೃತಿಗಳಿಂದ ಕಟ್ಟಿಕೊಟ್ಟರು. ಇಲ್ಲಿ ಅವರು ಪಾಲಿಸಿದ ಎಚ್ಚರ ಅನುಕರಣೀಯ. ತುಣುಕು ಯಾವ ಸಂಧಿಗೆ, ಯಾವ ಅಂಗಕ್ಕೆ ಉದಾಹರಣೆಯಾಗಿ ಬಂದಿದೆ ಎಂಬುದರಿಂದ ನಾಟಕದಲ್ಲಿ ಅದರ ಸ್ಥಾನವನ್ನು ಊಹಿಸಬಹುದು. ಅದಕ್ಕಾಗಿ ಪದ್ಯವನ್ನು ಸೂತ್ರದಿಂದ ಬಿಡಿಸಿಕೊಂಡು ಓದದೆ ಸೂತ್ರದೊಡನೆಯೇ ಓದಬೇಕು.

ಕನ್ನಡದ ಮಟ್ಟಿಗೆ

ಹಳಗನ್ನಡದ ಓದುಗರಿಗೆ ಈ ಪರಿಸ್ಥಿತಿ ಅಪರಿಚಿತವಲ್ಲ. ಸುಮಾರು ಕ್ರಿ.ಶ. 900ರ ಒಂದನೆಯ ಗುಣವರ್ಮನ 'ಶೂದ್ರಕ' ಮತ್ತು 'ಹರಿವಂಶ' ಇಂದು ಉಳಿದಿಲ್ಲ. ಸಂಕಲನ ಮತ್ತು ಶಾಸ್ತ್ರಗ್ರಂಥಗಳಲ್ಲಿ ಉದಾಹೃತವಾದ ಪದ್ಯಗಳಿಂದ ಅವುಗಳನ್ನು ಬಲ್ಲೆವು. ಹದಿಮೂರನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು '​ಸೂಕ್ತಿಸುಧಾರ್ಣವ'ವನ್ನು ಸಂಕಲಿಸಿದನು. ಅವನ ಮಗ ಕೇಶಿರಾಜನು 'ಶಬ್ದಮಣಿದರ್ಪಣ'ವನ್ನು ರಚಿಸಿದನು. ತಂದೆಯ ಸಂಕಲನವೂ ಮಗನ ವ್ಯಾಕರಣವೂ ಅನೇಕ ಕವಿಗಳ ಪದ್ಯಗಳಿಗೆ ಆಸರೆಯಾದವು. ಕೇಶಿರಾಜನು ತನ್ನವೆಂದು ಹೇಳಿಕೊಂಡ 'ಸುಭದ್ರಾಹರಣ', 'ಪ್ರಬೋಧಚಂದ್ರ' ಮೊದಲಾದ ಕಾವ್ಯಗಳು ಅಳಿದವು, ವ್ಯಾಕರಣ ಉಳಿಯಿತು. ಇದು ಪಾಟಣದ ರಾಮಚಂದ್ರನ ಕಥೆಯನ್ನೇ ನೆನಪಿಸುತ್ತದೆ. ನಾಟಕದ ವಿಷಯಕ್ಕೆ ಬಂದರೆ ನಮಗೆ ದೊರೆತಿರುವ ಮೊದಲ ನಾಟಕ ಚಿಕ್ಕದೇವರಾಜ ಒಡೆಯರ ಕಾಲದ ಸಿಂಗರಾರ್ಯನ 'ಮಿತ್ರವಿಂದಾ ಗೋವಿಂದ'. ಅದು ಹರ್ಷನ 'ರತ್ನಾವಳಿ'ಯ ರೂಪಾಂತರ. ಅದಕ್ಕೂ ಹಿಂದಿನ ಕನ್ನಡ ನಾಟಕಗಳನ್ನು ಉದಾಹರಿಸಿ ಉಳಿಸುವಂತಹ 'ನಾಟ್ಯದರ್ಪಣ' ಕನ್ನಡದಲ್ಲಿ ಹುಟ್ಟಲಿಲ್ಲ.

ಇಪ್ಪತ್ತನೆಯ ಶತಮಾನ ರಂಗಭೂಮಿಯ ಕೋಶಗಳಿಗೆ ಸಮೃದ್ಧ ಕಾಲ. ಫಿಲಿಸ್ ಹಾರ್ಟ್‌ನೋಲ್ ಸಂಪಾದಿಸಿದ ಆಕ್ಸ್‌ಫರ್ಡ್ ರಂಗಭೂಮಿ ಸಂಗಾತಿ 1951ರಲ್ಲಿ ಬಂದಿತು. ಸಿಲ್ವಿಯೊ ದಾಮಿಕೊ ಆರಂಭಿಸಿದ ಇಟಲಿಯ ಪ್ರದರ್ಶನಕಲೆಗಳ ವಿಶ್ವಕೋಶ 1954ರಿಂದ 1962ರ ಒಳಗೆ ಒಂಬತ್ತು ಸಂಪುಟಗಳಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಎಚ್. ಕೆ. ರಂಗನಾಥರು 1960ರಲ್ಲಿ ಕರ್ನಾಟಕದ ರಂಗಭೂಮಿಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಆನಂದ ಲಾಲ್ ಸಂಪಾದಿಸಿದ ಭಾರತೀಯ ರಂಗಭೂಮಿಯ ಕೋಶ 2004ರಲ್ಲಿ ಹೊರಬಂದಿತು. ಇವುಗಳ ಉಪಯುಕ್ತತೆ ನಿರ್ವಿವಾದ. ಆದರೆ ಇವುಗಳ ಕ್ರಮ ಅರಿಸ್ಟಾಟಲನ ದಾಖಲೆಗೂ ಝೋಂಗ್ ಸಿಚೆಂಗನ ಪಟ್ಟಿಗೂ ಹತ್ತಿರವಾದುದು. ಹೆಸರು, ಇಸವಿ, ತಂಡ, ಪ್ರಯೋಗ ಇವು ದೊರೆಯುತ್ತವೆ; ನಾಟಕದ ಮಾತು ದೊರೆಯುವುದು ಅಪರೂಪ.

ವೃತ್ತಿನಾಟಕ ಕಂಪನಿಗಳಿಗಾಗಿ ಬರೆದ ಎಷ್ಟೋ ಕನ್ನಡ ನಾಟಕಗಳು ಅಚ್ಚನ್ನೇ ಕಾಣಲಿಲ್ಲ. ನಟರ ನೆನಪಿನಲ್ಲಿ, ಕಂಪನಿಯ ಪೆಟ್ಟಿಗೆಯ ಕೈಬರಹದಲ್ಲಿ ಇದ್ದುದು ಅವರೊಡನೆಯೇ ಹೋಗುತ್ತಿದೆ. ಇಂತಹ ನಾಟಕಗಳನ್ನು ಕುರಿತು ಕೋಶವನ್ನೋ ಸಂಶೋಧನ ಪ್ರಬಂಧವನ್ನೋ ಸಿದ್ಧಪಡಿಸುವವರು ಕೃತಿಯ ಹೆಸರು ಮತ್ತು ವರ್ಷಕ್ಕೆ ತೃಪ್ತರಾಗದೆ, ಕೈಗೆ ಸಿಕ್ಕ ಸಂಭಾಷಣೆಯ ಒಂದು ಭಾಗವನ್ನಾದರೂ, ಅದು ಎಷ್ಟನೆಯ ಅಂಕದ್ದು, ಯಾವ ಪಾತ್ರಗಳ ನಡುವಿನದು ಎಂಬ ವಿವರದೊಡನೆ, ಉದ್ಧರಿಸಿಡುವುದು ಅಗತ್ಯ. ಯಾವ ಮಾತು ಮುಂದೆ ಯಾರಿಗೆ ಆಧಾರವಾಗುತ್ತದೆಂದು ಸಂಕಲನಕಾರ ಊಹಿಸಲಾರ. ರಾಮಚಂದ್ರ ಗುಣಚಂದ್ರರು ಸೂತ್ರವೊಂದನ್ನು ವಿಶದಪಡಿಸಲೆಂದು ಎತ್ತಿಕೊಂಡ ಮಾತುಗಳು ಸುಮಾರು ಏಳೂವರೆ ಶತಮಾನಗಳ ಅನಂತರ ಒಬ್ಬ ಕವಿಯ ಇನ್ನೊಂದು ನಾಟಕವನ್ನೂ ವಂಶಾವಳಿ ಮರೆತ ಒಬ್ಬ ಅರಸನನ್ನೂ ಚರ್ಚೆಗೆ ತಂದವು. 'ನಾಟ್ಯದರ್ಪಣ'ವನ್ನು ಪರೀಕ್ಷೆಗೆಂದು ತೆರೆಯುವ ವಿದ್ಯಾರ್ಥಿಗಳು ಕಾರಿಕೆಗಳೊಡನೆ ವೃತ್ತಿಯ ಉದಾಹರಣೆಗಳನ್ನೂ ನಿಧಾನವಾಗಿ ಓದಿದರೆ ಈ ಮಾತು ಅವರಿಗೇ ವೇದ್ಯವಾಗುತ್ತದೆ.